ಕಾಫಿ ಲೋಟದಿಂದ ಸಿಹಿಗುಳಿಗೆ ಇಳಿಸುವ ಬಗೆ

ಸಕ್ಕರೆಯ ಬದಲು ಲೋಟಕ್ಕೆ ಕೃತಕ ಸಿಹಿಯ ಎರಡು ಗುಳಿಗೆ ಹಾಕಿ ಕುಡಿಯುವವರಿಗೆ ‘ಇವತ್ತಿನಿಂದ ಬಿಟ್ಟುಬಿಡಿ’ ಎಂದರೆ ಮೂರು ದಿನ ಬಿಡುತ್ತಾರೆ. ನಾಲ್ಕನೇ ದಿನ ಡಬ್ಬಿ ಮತ್ತೆ ಫಿಲ್ಟರ್ ಪಕ್ಕ ಬಂದು ಕೂತಿರುತ್ತದೆ. ಹೆಚ್ಚಿನ ಮನೆಗಳಲ್ಲಿ ತಪ್ಪಿರುವುದು ಪಾನೀಯದಲ್ಲೇ. ಚಿಕೋರಿ ಜಾಸ್ತಿಯಾದ ಪುಡಿ, ಒಲೆಯ ಮೇಲೆ ಮತ್ತೆ ಕುದ್ದ ಡಿಕಾಕ್ಷನ್, ಹತ್ತು ನಿಮಿಷ ಕೊತಕೊತ ಕುದಿಸಿದ ಟೀ, ಸಿಪ್ಪೆ ಸಮೇತ ಹಿಂಡಿದ ನಿಂಬೆಹಣ್ಣು. ಇವುಗಳ ಕಹಿ, ಒಗರು, ಹುಳಿ ಮುಚ್ಚುವುದಕ್ಕೇ ಅಷ್ಟು ಸಿಹಿ ಬೇಕಾಗುತ್ತದೆ. ಮೊದಲು ಅದನ್ನು ಸರಿಮಾಡಿಕೊಳ್ಳಿ, ಆಮೇಲೆ ಗುಳಿಗೆ ಇಳಿಸಿ. ಹಿಂದುಮುಂದು ಮಾಡಿದರೆ ಕುಡಿಯುವವರಿಗೂ ಕಷ್ಟ, ಮಾಡಿಕೊಡುವವರಿಗೂ ಕಷ್ಟ.

ಭಯ ಬೀಳಿಸುವುದಕ್ಕೆ ಈ ಮಾತು ಹೇಳುತ್ತಿಲ್ಲ. ಆಸ್ಪರ್ಟೇಮ್ ಎಂಬ ಸಿಹಿಕಾರಕಕ್ಕೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಇಟ್ಟಿರುವ ದಿನದ ಮಿತಿ, ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಅದು 2,400 ಮಿಲಿಗ್ರಾಂ ಆಯಿತು. ಒಂದು ಗುಳಿಗೆಯಲ್ಲಿರುವುದು ಸಾಮಾನ್ಯವಾಗಿ 20 ಮಿಲಿಗ್ರಾಂ ಆಸುಪಾಸು. 2023ರ ಜುಲೈಯಲ್ಲಿ ಇದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿದಾಗಲೂ ಆ ಮಿತಿಯನ್ನು ಬದಲಿಸಲಿಲ್ಲ. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲೆಂದು ಇಂಥ ಸಕ್ಕರೆಯಲ್ಲದ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಎಂದು ಹೇಳಿತು. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುವುದಿಲ್ಲ ಎಂದೂ ಅದರಲ್ಲೇ ಇದೆ. ಅದಕ್ಕೇ ಗುಳಿಗೆ ಬಿಟ್ಟು ಮತ್ತೆ ಸಕ್ಕರೆ ಡಬ್ಬಿಗೆ ಹೋಗುವುದು ಶುಗರ್ ಇರುವವರಿಗೆ ಲೆಕ್ಕ ತಪ್ಪಿದ ಕೆಲಸ. ಇಳಿಸಬೇಕಾದ್ದು ಒಟ್ಟು ಸಿಹಿಯನ್ನೇ.

ಕಾಫಿಯಿಂದ ಶುರುಮಾಡಿ, ದಿನಕ್ಕೆ ಮೂರು ನಾಲ್ಕು ಸಲ ನಾಲಿಗೆಗೆ ಪಾಠ ಹೇಳುವುದು ಅದೇ. ಅಂಗಡಿಯಲ್ಲಿ ಪುಡಿ ಕೊಳ್ಳುವಾಗ ಚಿಕೋರಿ ಪ್ರಮಾಣ ಕೇಳಿ. 60:40 ಪುಡಿ, ಅಂದರೆ 60 ಪಾಲು ಕಾಫಿ 40 ಪಾಲು ಚಿಕೋರಿ, ಬಳಸುತ್ತಿದ್ದರೆ 80:20ಕ್ಕೆ ಬನ್ನಿ, ಹಿಡಿಸಿದರೆ ಚಿಕೋರಿ ಇಲ್ಲದ್ದಕ್ಕೆ. ಚಿಕೋರಿ ಬಣ್ಣ, ದಪ್ಪ ಕೊಡುತ್ತದೆ, ಜೊತೆಗೆ ಹುರಿದ ಬೇರಿನ ಕಹಿಯನ್ನೂ ತರುತ್ತದೆ. ಬೀಜ ಕಪ್ಪಾಗುವವರೆಗೆ ಹುರಿದದ್ದು ಬೇಡ, ನಡುಮಧ್ಯ ಹುರಿದದ್ದು ಇರಲಿ. ಪುಡಿ ತೀರಾ ನುಣ್ಣಗಿದ್ದರೂ ತೊಂದರೆಯೇ. ನೀರು ಇಳಿಯಲು ಮುಕ್ಕಾಲು ಗಂಟೆ ಹಿಡಿದರೆ ಪುಡಿಯ ಕಹಿಯೆಲ್ಲ ಬಸಿದು ಬರುತ್ತದೆ. ಹತ್ತರಿಂದ ಹದಿನೈದು ನಿಮಿಷದಲ್ಲಿ ಇಳಿಯುವಂತಿರಬೇಕು.

ಅಳತೆ ಹೀಗೆ. ಫಿಲ್ಟರಿನ ಮೇಲಿನ ಪಾತ್ರೆಗೆ 20 ಗ್ರಾಂ ಪುಡಿ, ಅಂದರೆ ಮೂರು ದೊಡ್ಡ ಚಮಚ. ಒತ್ತುಬಿಲ್ಲೆಯನ್ನು ಹಗುರಾಗಿ ಕೂರಿಸಿ, ಅದುಮಬೇಡಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಮೊದಲು ಎರಡು ಚಮಚ ನೀರು ಹಾಕಿ ಪುಡಿ ನೆನೆಯಲಿ, ಅರ್ಧ ನಿಮಿಷ ಕಳೆದು ಉಳಿದದ್ದು ಹಾಕಿ. ಒಟ್ಟು ನೀರು 160 ಮಿಲಿ. ಪುಡಿ ಒಂದಿಷ್ಟು ಹೀರಿಕೊಂಡು ಕೆಳಗೆ 120 ಮಿಲಿ ಆಸುಪಾಸು ಸಿಗುತ್ತದೆ, ಮೂರು ಲೋಟಕ್ಕೆ ಸಾಕು. ಅದೇ ಚರಟಕ್ಕೆ ಇನ್ನೊಮ್ಮೆ ಬಿಸಿನೀರು ಸುರಿದು ಎರಡನೇ ಡಿಕಾಕ್ಷನ್ ತೆಗೆಯುವ ಮಿತವ್ಯಯ ಇದೆಯಲ್ಲ, ಗುಳಿಗೆ ಇಳಿಸುವಷ್ಟು ದಿನವಾದರೂ ಅದನ್ನು ಬಿಡಿ. ಅದರಲ್ಲಿ ಬರುವುದು ಬರೀ ಕಹಿ. ಉಳಿದ ಡಿಕಾಕ್ಷನ್ ಬಿಸಿಮಾಡಬೇಕೆಂದರೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಡಿ, ನೇರ ಉರಿಗೆ ಹಿಡಿಯಬೇಡಿ. ಇಷ್ಟಾದರೂ ಕಹಿ ಅನಿಸಿದರೆ ಪುಡಿಯ ಜೊತೆ ನಾಲ್ಕು ಹರಳು ಉಪ್ಪು ಹಾಕಿ. ಉಪ್ಪಿನ ರುಚಿ ಗೊತ್ತಾಗುವುದಿಲ್ಲ, ಕಹಿ ಮಾತ್ರ ತಗ್ಗುತ್ತದೆ.

ಹಾಲಿನ ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. 100 ಮಿಲಿ ಹಾಲಿನಲ್ಲಿ ಹೆಚ್ಚುಕಡಿಮೆ 5 ಗ್ರಾಂ ಹಾಲಿನ ಸಕ್ಕರೆ ಇರುತ್ತದೆ. ಅದು ಪೇಟೆ ಸಕ್ಕರೆಯಷ್ಟು ಸಿಹಿಯಲ್ಲ, ಆದರೆ ನಾಲಿಗೆಗೆ ತಾಕುವಷ್ಟಿದೆ. ಹಾಲು ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸುತ್ತ ಕಾಯಿಸಿ, ತುಸು ಗಟ್ಟಿಯಾಗಲಿ. 40 ಮಿಲಿ ಡಿಕಾಕ್ಷನ್‌ಗೆ 110 ಮಿಲಿ ಇಂಥ ಹಾಲು ಬೆರೆಸಿದರೆ, ಎರಡು ಗುಳಿಗೆ ಕೇಳುತ್ತಿದ್ದ ಲೋಟ ಒಂದಕ್ಕೆ ಒಪ್ಪಿಕೊಳ್ಳುತ್ತದೆ. ನೀರು ಬೆರೆಸಿದ ಹಾಲಿನಲ್ಲಿ ಈ ಆಟ ನಡೆಯದು. ಶುಗರ್ ಇರುವವರು ಹಾಲಿನ ಈ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೋಟ ದೊಡ್ಡದಿದ್ದರೆ ಚಿಕ್ಕದು ಮಾಡಿ.

ಇನ್ನು ಗುಳಿಗೆ. ಅರ್ಧ ಮಾಡಲು ಹೋದರೆ ಪುಡಿಯಾಗಿ ಚೆಲ್ಲುತ್ತದೆ, ಒಂದು ಸಲ ಮುಕ್ಕಾಲು, ಒಂದು ಸಲ ಕಾಲು ಬೀಳುತ್ತದೆ. ಅದಕ್ಕೆ ಸುಲಭದ ದಾರಿ ಗುಳಿಗೆಯ ನೀರು. ಕಾಯಿಸಿ ಆರಿಸಿದ ಹತ್ತು ಚಮಚ ನೀರಿನಲ್ಲಿ, ಅಂದರೆ 50 ಮಿಲಿಯಲ್ಲಿ, ಹತ್ತು ಗುಳಿಗೆ ಕರಗಿಸಿ ಸಣ್ಣ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಡ್ಜಿನಲ್ಲಿಡಿ. ಈಗ ಒಂದು ಚಮಚ ಎಂದರೆ ಒಂದು ಗುಳಿಗೆ. ಮಸಾಲೆ ಅಳೆಯುವ ಕಾಲು ಚಮಚ ಜೊತೆಗಿರಲಿ. ಎರಡು ಗುಳಿಗೆ ಹಾಕುತ್ತಿದ್ದವರು ಮೊದಲ ವಾರ ಒಂದೂಮುಕ್ಕಾಲು ಚಮಚ, ಎರಡನೇ ವಾರ ಒಂದೂವರೆ, ಹೀಗೆ ವಾರಕ್ಕೆ ಕಾಲು ಚಮಚ ಇಳಿಸಿ. ಎಂಟನೇ ವಾರಕ್ಕೆ ಸೊನ್ನೆ. ಯಾವುದಾದರೂ ವಾರ ಒಗ್ಗದಿದ್ದರೆ ಅಲ್ಲೇ ಇನ್ನೊಂದು ವಾರ ನಿಲ್ಲಿ, ಹಿಂದಕ್ಕೆ ಹೋಗಬೇಡಿ. ಬೆಳಗಿನ ಕಾಫಿಯನ್ನು ಕೊನೆಗೆ ಮುಟ್ಟಿ. ಮೊದಲು ಮಧ್ಯಾಹ್ನದ್ದು ಇಳಿಸಿ, ಆ ಹೊತ್ತಿಗೆ ಮಾಡಲು ಕೆಲಸವಿರುತ್ತದೆ, ಹಟವೂ ಕಡಿಮೆ. ಸುಕ್ರಲೋಸ್ ಎಂಬ ಇನ್ನೊಂದು ಸಿಹಿಕಾರಕದ ಗುಳಿಗೆಯಾದರೆ ನೀರಿನಲ್ಲಿ ಸಿಹಿ ಕಳೆದುಕೊಳ್ಳುವುದಿಲ್ಲ. ಆಸ್ಪರ್ಟೇಮ್‌ನದ್ದಾದರೆ ನೀರಿನಲ್ಲಿ ಮೆಲ್ಲಗೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ, ಎರಡು ದಿನಕ್ಕಾಗುವಷ್ಟೇ ಮಾಡಿ. ಇದೇ ಕಾರಣಕ್ಕೆ ಆಸ್ಪರ್ಟೇಮ್ ಗುಳಿಗೆಯನ್ನು ಟೀ ಪಾತ್ರೆಗೆ ಹಾಕಿ ಕುದಿಸಿದರೆ ಸಿಹಿ ಸತ್ತು ಮತ್ತೆರಡು ಗುಳಿಗೆ ಬೀಳುತ್ತದೆ. ಯಾವತ್ತಿದ್ದರೂ ಲೋಟಕ್ಕೆ ಬಗ್ಗಿಸಿದ ಮೇಲೆಯೇ ಹಾಕಬೇಕು.

ಟೀ ವಿಷಯ ಚಿಕ್ಕದು. ಎರಡು ಲೋಟಕ್ಕೆ 200 ಮಿಲಿ ನೀರು, ಜಜ್ಜಿದ ಒಂದು ಏಲಕ್ಕಿ, ಅರ್ಧ ಚಮಚ ಸೋಂಪು ಹಾಕಿ ಕುದಿಸಿ. ಒಲೆ ಆರಿಸಿ ಎರಡು ಚಮಚ ಟೀಪುಡಿ ಹಾಕಿ ಮುಚ್ಚಿ. ಮೂರೇ ನಿಮಿಷ. ಸೋಸಿ, ಬೇರೆ ಕಾಯಿಸಿದ 150 ಮಿಲಿ ಹಾಲು ಸೇರಿಸಿ. ಪುಡಿ ಕುದ್ದಷ್ಟೂ ಒಗರು ಬಿಡುತ್ತದೆ, ಆ ಒಗರಿಗೇ ಸಿಹಿ ಬೇಕಾಗುವುದು. ಸೋಂಪಿನ ವಾಸನೆಯೇ ನಾಲಿಗೆಗೆ ಸಿಹಿ ಎನ್ನುವ ಭ್ರಮೆ ಕೊಡುತ್ತದೆ. ಶುಂಠಿ ಹೆಚ್ಚಾದರೆ ಅದರ ಖಾರಕ್ಕೆ ಮತ್ತೆ ಸಿಹಿ ಕೇಳುತ್ತದೆ, ಈ ದಿನಗಳಲ್ಲಿ ಕೈ ಬಿಗಿಹಿಡಿಯಿರಿ.

ಬೇಸಿಗೆಯ ನಿಂಬೆ ಪಾನಕದಲ್ಲಿ ಸಿಹಿಯ ಲೆಕ್ಕ ಪೂರ್ತಿ ಹುಳಿಯ ಕೈಯಲ್ಲಿದೆ. ಒಂದು ಲೋಟಕ್ಕೆ ಇಡೀ ನಿಂಬೆ ಹಿಂಡಿದರೆ ಮೂರು ಚಮಚ ಸಕ್ಕರೆಯ ಸಿಹಿ ಬೇಕು. ಕಾಲು ನಿಂಬೆ ಸಾಕು, ಘಮಕ್ಕೆ ಅಷ್ಟು ಬಹಳವಾಯಿತು. ಬೀಜ ತೆಗೆದು ಹಗುರಾಗಿ ಹಿಂಡಿ, ಸಿಪ್ಪೆ ಹಿಚುಕಿದರೆ ಬೀಜದ್ದೂ ಸಿಪ್ಪೆಯದ್ದೂ ಕಹಿ ಸೇರುತ್ತದೆ. ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ, ಕಾಲು ಗಂಟೆ ನೆನೆಸಿದ ಒಂದು ಚಮಚ ಕಾಮಕಸ್ತೂರಿ ಬೀಜ ಸೇರಿಸಿದರೆ ಸಿಹಿಯ ನೆನಪೇ ಬಾರದು. ಇನ್ನೊಂದು ಮಾತು: ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ. ಐಸ್ ಹಾಕಿದ ಪಾನಕ ಸಪ್ಪೆ ಅನಿಸಿ ಸಿಹಿಪುಡಿಯ ಇನ್ನೊಂದು ಸ್ಯಾಶೆ ಹರಿಯುವುದು ಹೀಗೆ. ಮಡಕೆ ನೀರಿನ ತಂಪು ಸಾಕು. ಲಾವಂಚದ ಬೇರು ಒಂದು ಹಿಡಿ ತೊಳೆದು ಮಡಕೆಯಲ್ಲಿ ಬಿಟ್ಟರಂತೂ ಆ ನೀರಿಗೆ ಏನೂ ಬೆರೆಸಬೇಕಿಲ್ಲ. ಬೇರನ್ನು ಎರಡು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕಿ, ಇಲ್ಲವಾದರೆ ಲೋಳೆ ಕಟ್ಟುತ್ತದೆ. ಮಜ್ಜಿಗೆಗೂ ಅದೇ ದಿನದ ಮೊಸರೇ ಆಗಬೇಕು. ಒಂದು ಲೋಟ ಮೊಸರಿಗೆ ಮೂರು ಲೋಟ ನೀರು. ಹುಳಿ ಬಂದ ಮೊಸರನ್ನು ಲಸ್ಸಿ ಮಾಡಿ ಸಿಹಿ ಸುರಿಯುವ ಬದಲು ಮಜ್ಜಿಗೆ ಹುಳಿಗೆ ಬಿಡಿ.

ಡಯಟ್ ಕೋಲಾ ಕುಡಿಯುವ ಮಕ್ಕಳು ಮನೆಯಲ್ಲಿದ್ದರೆ, ಅಂದರೆ ದೊಡ್ಡ ಮಕ್ಕಳು, ಮೊದಲ ವಾರ ಅರ್ಧ ಕೋಲಾ ಅರ್ಧ ಬರಿ ಸೋಡಾ, ಮುಂದಿನ ವಾರ ಕಾಲು ಭಾಗ ಕೋಲಾ, ಆಮೇಲೆ ಸೋಡಾಕ್ಕೆ ನಿಂಬೆ ಉಪ್ಪು. ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನ ತಲೆನೋವು ಬರುವುದುಂಟು. ಅದು ಕೆಫೀನ್ ತಪ್ಪಿದ್ದಕ್ಕೆ, ಸಿಹಿ ತಪ್ಪಿದ್ದಕ್ಕಲ್ಲ. ಚಿಕ್ಕ ಮಕ್ಕಳಿಗೆ ಈ ಪಾನೀಯಗಳು ಬೇಡವೇ ಬೇಡ. ಕೃತಕ ಸಿಹಿ ಸೇರಿಸಿದ ಪೊಟ್ಟಣದ ಮೇಲೆ ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂಬ ಸಾಲು ನಮ್ಮ ದೇಶದ ನಿಯಮದ ಪ್ರಕಾರ ಇರಲೇಬೇಕು. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡು ಓದಿ.

ಓದುವಾಗ ಪದಾರ್ಥಗಳ ಪಟ್ಟಿಯಲ್ಲಿ ಸಿಹಿಕಾರಕಗಳಿಗೆ ಕೊಡುವ ಸಂಕೇತದ ಅಂಕಿ ಗುರುತಿಟ್ಟುಕೊಂಡರೆ ಸಾಕು. 950 ಅಸೆಸಲ್ಫೇಮ್, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ. ‘ಸಕ್ಕರೆ ಸೇರಿಸಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದ ಪ್ರೋಟೀನ್ ಪುಡಿ, ನೀರಿಗೆ ಹಾಕಿದರೆ ಬುಸ್ಸೆನ್ನುವ ವಿಟಮಿನ್ ಗುಳಿಗೆ, ಹಣ್ಣಿನ ರುಚಿಯ ಇಸಬಗೋಲು, ಎಲೆಕ್ಟ್ರೊಲೈಟ್ ಪೊಟ್ಟಣ, ಎಲ್ಲದರಲ್ಲೂ ಇವು ಅಡಗಿರಬಹುದು. ಕಾಫಿಯಲ್ಲಿ ಬಿಟ್ಟದ್ದು ಇಸಬಗೋಲಿನಲ್ಲಿ ಬಂದರೆ ನಾಲಿಗೆ ಹಳೆಯ ಜಾಗದಲ್ಲೇ ನಿಲ್ಲುತ್ತದೆ. 420, 965 ಅಂಕಿ ಕಂಡರೆ ಅವು ಸಾರ್ಬಿಟಾಲ್, ಮಾಲ್ಟಿಟಾಲ್ ಎಂಬ ಬೇರೆ ಬಗೆಯ ಸಿಹಿಕಾರಕಗಳು, ಹೆಚ್ಚಾದರೆ ಹೊಟ್ಟೆ ಉಬ್ಬರ, ಭೇದಿ. ಫಿನೈಲ್‌ಕೀಟೊನ್ಯೂರಿಯಾ ಎಂಬ ಹುಟ್ಟು ಕಾಯಿಲೆ ಇರುವವರು 951 ಮುಟ್ಟುವಂತೆಯೇ ಇಲ್ಲ.

ಗುಳಿಗೆ ಬಿಟ್ಟು ‘ನೈಸರ್ಗಿಕ’ ಎಂದು ಬೆಲ್ಲಕ್ಕೆ ಹೋಗುವವರು ಬಹಳ. ಬೆಲ್ಲದಲ್ಲಿ ಇರುವುದು ಬಹುಪಾಲು ಸಕ್ಕರೆಯೇ, ರಕ್ತಕ್ಕೆ ಅದು ಸಕ್ಕರೆಯಾಗಿಯೇ ಹೋಗುತ್ತದೆ. ಜ್ಯೇಷ್ಠಮಧು ಕಷಾಯ ಬಲು ಸಿಹಿ, ಆದರೆ ದಿನಾ ಕುಡಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ತಿನ್ನುವವರು ದೂರವಿಡಿ. ಅದರ ಬದಲು ನಮ್ಮ ಕರಾವಳಿ ಮಲೆನಾಡಿನ ಕಷಾಯದ ಪುಡಿ ಒಳ್ಳೆಯದು: ಒಂದು ಬಟ್ಟಲು ಕೊತ್ತಂಬರಿ ಬೀಜ, ಅರ್ಧ ಬಟ್ಟಲು ಜೀರಿಗೆ, ಎರಡು ಚಮಚ ಸೋಂಪು, ಒಂದು ಚಮಚ ಮೆಣಸು, ಅರ್ಧ ಚಮಚ ಮೆಂತ್ಯ. ಬೇರೆಬೇರೆಯಾಗಿ ಘಮ ಬರುವಷ್ಟೇ ಹುರಿಯಿರಿ. ಮೆಂತ್ಯ ಕೆಂಪಗಾದರೆ ಇಡೀ ಡಬ್ಬಿ ಕಹಿ. 150 ಮಿಲಿ ನೀರಿಗೆ ಒಂದು ಚಮಚ ಪುಡಿ, ಎರಡು ನಿಮಿಷ ಕುದಿ, ಆಮೇಲೆ ಅರ್ಧ ಲೋಟ ಹಾಲು. ಕೊತ್ತಂಬರಿ ಹಾಲಿನ ಜೊತೆ ಕೂಡಿದರೆ ತನ್ನಷ್ಟಕ್ಕೆ ತುಸು ಸಿಹಿಯೆನಿಸುತ್ತದೆ.

ಮೊಳಕೆ ರಾಗಿ ಹಿಟ್ಟಿನಲ್ಲೂ ಸಿಹಿ ಇದೆ, ತೆಗೆಯುವುದು ಗೊತ್ತಿರಬೇಕು. ರಾಗಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಒಂದು ಹಗಲು ಒಂದು ರಾತ್ರಿ ಕಟ್ಟಿಡಿ. ಮೊಳಕೆ ಬಂದ ಮೇಲೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಉಜ್ಜಿ ಮೊಳಕೆ ಉದುರಿಸಿ, ಬಾಣಲೆ ಬೆಚ್ಚಗಾಗುವಷ್ಟೇ ಹುರಿದು ಬೀಸಿಸಿ. ಒಂದೂವರೆ ದೊಡ್ಡ ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಲ್ಲಿ ಕದಡಿ ಸಣ್ಣ ಉರಿಗಿಡಿ. ಬೆರಳು ಇಡಲಾಗದಷ್ಟು ಬಿಸಿ, ಆದರೆ ಕುದಿಯಿಲ್ಲ, ಆ ಹದದಲ್ಲಿ ಐದಾರು ನಿಮಿಷ ಕೈಯಾಡಿಸಿ. ಮೊಳಕೆಯಲ್ಲಿ ಹುಟ್ಟಿದ ಕಿಣ್ವ ಹಿಟ್ಟನ್ನು ಒಡೆದು ಸಿಹಿ ಮಾಡುವುದು ಈ ಹೊತ್ತಿನಲ್ಲಿ. ಗಂಜಿ ಗಟ್ಟಿಯಾಗುವ ಬದಲು ತೆಳ್ಳಗಾಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಕುದಿಸಿ ಇಳಿಸಿ. ನೇರ ಕುದಿನೀರಿಗೆ ಸುರಿದರೆ, ಇಲ್ಲವೇ ಕಪ್ಪಗೆ ಹುರಿದರೆ, ಕಿಣ್ವ ಸತ್ತು ಹಿಟ್ಟು ಸಪ್ಪೆಯಾಗುತ್ತದೆ. ಇದರಲ್ಲೂ ಬರುವುದು ಸಕ್ಕರೆಯೇ, ಆದ್ದರಿಂದ ಶುಗರ್ ಇರುವವರು ಇದನ್ನು ಒಂದು ಹೊತ್ತಿನ ತಿಂಡಿ ಎಂದೇ ಎಣಿಸಬೇಕು.

ಎರಡು ಕಡೆ ಮಾತ್ರ ಸಕ್ಕರೆಗೆ ಬದಲು ಗುಳಿಗೆ ಹಾಕಲೇಬಾರದು. ಭೇದಿಯಾದವರಿಗೆ ಮನೆಯಲ್ಲಿ ಮಾಡುವ ನೀರಿಗೆ ಒಂದು ಲೀಟರಿಗೆ ಆರು ಸಮಚಮಚ (ಅಂಚಿಗೆ ಸಮವಾಗಿ ಒರೆಸಿದ ಟೀ ಚಮಚ) ಸಕ್ಕರೆ, ಅರ್ಧ ಸಮಚಮಚ ಉಪ್ಪು. ಕರುಳು ಉಪ್ಪುನೀರನ್ನು ಎಳೆದುಕೊಳ್ಳಲು ಆ ಸಕ್ಕರೆಯೇ ಬೇಕು, ಗುಳಿಗೆಯಿಂದ ಆ ಕೆಲಸ ಆಗದು. ಇನ್ನೊಂದು, ಇನ್ಸುಲಿನ್ ತೆಗೆದುಕೊಳ್ಳುವವರು ರಕ್ತದ ಸಕ್ಕರೆ ತೀರಾ ಇಳಿದು ಇದ್ದಕ್ಕಿದ್ದಂತೆ ಬೆವತು, ಕೈ ನಡುಗಿ, ಮಾತು ತೊದಲಿದರೆ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೂಡಲೇ ಕುಡಿಸಿ, ಕಾಲು ಗಂಟೆಗೆ ರಕ್ತದ ಸಕ್ಕರೆ ಅಳೆದು ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಆ ಗಾಬರಿಯಲ್ಲಿ ಕೈಗೆ ಡಯಟ್ ಬಾಟಲಿ ಸಿಕ್ಕಿಬಿಡದಂತೆ ಸಕ್ಕರೆ ಡಬ್ಬಿಗೆ ಹೆಸರು ಬರೆದು, ಎಲ್ಲರ ಕೈಗೆಟುಕುವ ಒಂದೇ ಜಾಗದಲ್ಲಿಡಿ.

ಮನೆಯಲ್ಲಿ ಇಳಿದದ್ದು ಹೋಟೆಲಿನಲ್ಲಿ ಹಳಿ ತಪ್ಪುವುದೂ ಉಂಟು. ದರ್ಶಿನಿಯಲ್ಲಿ ‘ಸಕ್ಕರೆ ಬೇಡ’ ಎಂದಷ್ಟೇ ಹೇಳಿದರೆ ಸಕ್ಕರೆಯ ಲೆಕ್ಕದಲ್ಲಿ ಬಿಟ್ಟ ಅದೇ ಸ್ಟ್ರಾಂಗ್ ಡಿಕಾಕ್ಷನ್ ಬರುತ್ತದೆ, ಕಹಿಗೆ ಮುಖ ಕಿವುಚಿ ಜೇಬಿನ ಡಬ್ಬಿ ತೆಗೆಯುತ್ತೀರಿ. ‘ಲೈಟ್ ಕಾಫಿ, ಸಕ್ಕರೆ ಇಲ್ಲದೆ, ಹಾಲು ಜಾಸ್ತಿ’ ಎಂದು ಮೂರನ್ನೂ ಒಟ್ಟಿಗೇ ಹೇಳಿ.