ಹೆಸರೇ ಇಲ್ಲಿ ವೈರು

ನಾನು ಮಾಡಿದ ಮೊದಲ ಬೋರ್ಡಿನಲ್ಲಿ ಇಎಸ್‌ಪಿ 8266 ವೈಫೈ ಮಾಡ್ಯೂಲ್ ಒಂದು ಸುಟ್ಟುಹೋಯಿತು. ಸೋಲ್ಡರಿಂಗ್ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಸರ್ಕ್ಯೂಟಿನ ನಕ್ಷೆಯಲ್ಲಿ, ಅಂದರೆ ಸ್ಕೀಮ್ಯಾಟಿಕ್‌ನಲ್ಲಿ. 5 ವೋಲ್ಟ್ ಲೈನಿಗೂ ವಿಸಿಸಿ ಅಂತ ಹೆಸರು ಕೊಟ್ಟಿದ್ದೆ, 3.3 ವೋಲ್ಟ್ ಲೈನಿಗೂ ಅದೇ ಹೆಸರು. ಎರಡರ ನಡುವೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಆದರೆ ಸಾಫ್ಟ್‌ವೇರ್ ಗೆರೆ ನೋಡಿ ಸುಮ್ಮನಾಗುವುದಿಲ್ಲ, ಹೆಸರು ಒಂದೇ ಇದ್ದರೆ ವೈರೂ ಒಂದೇ ಅಂದುಕೊಳ್ಳುತ್ತದೆ. 3.6 ವೋಲ್ಟ್‌ಗಿಂತ ಜಾಸ್ತಿ ತಡೆಯದ ಮಾಡ್ಯೂಲಿಗೆ ಪೂರಾ 5 ವೋಲ್ಟ್ ಹೋಯಿತು.

ಅದೇ ಸರ್ಕ್ಯೂಟನ್ನು ಈಗ ಸರಿಯಾಗಿ ಬರೆಯೋಣ. 9 ವೋಲ್ಟ್ ಅಡಾಪ್ಟರ್, ಒಂದು ಡಯೋಡ್, 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್, ಅದನ್ನು 3.3ಕ್ಕೆ ಇಳಿಸುವ ಎಎಂಎಸ್ 1117 ರೆಗ್ಯುಲೇಟರ್, ಕೊನೆಗೆ ಮಾಡ್ಯೂಲ್. ಬರೆಯಲು ಕೈಕ್ಯಾಡ್ ಅನ್ನುವ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಾಗಿಲ್ಲ.

ಮೊದಲು ಕಂಪ್ಯೂಟರ್ ಬಿಡಿ, ಕಾಗದ ತಗೊಳ್ಳಿ. ಎಷ್ಟು ಬಗೆಯ ವೋಲ್ಟೇಜ್ ಇದೆ, ಪಟ್ಟಿ ಮಾಡಿ. ಅದರ ಅಳತೆಯನ್ನೇ ಹೆಸರಾಗಿಡಿ: +9ವಿ, +5ವಿ, +3ವಿ3. ಕೊನೆಯದು ವಿಚಿತ್ರವಾಗಿ ಕಾಣುತ್ತದೆ, ಅಲ್ವಾ? 3.3 ಅಂತ ಬರೆದ ಹಾಳೆಯನ್ನು ಜೆರಾಕ್ಸ್ ಮಾಡಿಸಿದಾಗ ಚುಕ್ಕಿ ಮಾಯವಾದರೆ ಅದು 33 ಆಗಿಬಿಡುತ್ತದೆ. ಅದಕ್ಕೇ ಚುಕ್ಕಿಯ ಜಾಗದಲ್ಲಿ ವಿ.

ವಿಸಿಸಿ, ವಿಡಿಡಿ ತಪ್ಪು ಹೆಸರುಗಳೇನಲ್ಲ. ಟ್ರಾನ್ಸಿಸ್ಟರಿನ ಕಲೆಕ್ಟರ್ ಕಡೆಯ ಸಪ್ಲೈ ವಿಸಿಸಿ ಆಯಿತು, ಮಾಸ್‌ಫೆಟ್‌ನ ಡ್ರೈನ್ ಕಡೆಯದು ವಿಡಿಡಿ. ಚಿಪ್ಪಿನ ಪಿನ್ನಿಗೆ ಆ ಹೆಸರು ಇರಲಿ ಬಿಡಿ. ಲೈನಿಗೆ ಇಟ್ಟರೆ ಮಾತ್ರ ಎಷ್ಟು ವೋಲ್ಟ್ ಅಂತ ಗೊತ್ತಾಗುವುದಿಲ್ಲ.

ಈಗ ಕೈಕ್ಯಾಡ್ ತೆರೆದು ಪಿ ಕೀ ಒತ್ತಿ, ಪವರ್ ಗುರುತುಗಳು ಬರುತ್ತವೆ. ಸಪ್ಲೈ ಗುರುತು ಮೇಲ್ಮುಖ, ಗ್ರೌಂಡ್ ಕೆಳಮುಖ. ಟ್ಯಾಂಕಿನ ನೀರು ಮನೆಯೆಲ್ಲ ಸುತ್ತಿ ಕೆಳಗೆ ಮೋರಿಗೆ ಇಳಿಯುವ ಹಾಗೆ ಚಿತ್ರ ಓದಿಸಿಕೊಳ್ಳಬೇಕು. ಗ್ರೌಂಡಿನ ಗೆರೆಯನ್ನು ಹಾಳೆಯ ತುಂಬ ಎಳೆದಾಡಬೇಡಿ, ಬೇಕಾದ ಕಡೆಯೆಲ್ಲ ಒಂದೊಂದು ಗುರುತು ಇಟ್ಟರೆ ಮುಗಿಯಿತು. ಪ್ರತಿ ಚಿಪ್ಪಿನ ಸಪ್ಲೈ ಪಿನ್ನಿಗೆ ಹಾಕುವ 0.1 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಆ ಪಿನ್ನಿನ ಪಕ್ಕದಲ್ಲೇ ಬರೆಯಿರಿ.

ಹೆಸರು ಟೈಪ್ ಮಾಡುವಾಗ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ನೋಡಿಕೊಳ್ಳಿ. ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು ಆದರೆ ಎರಡು ಬೇರೆ ಲೈನ್. ಇದು ನನ್ನ ತಪ್ಪಿಗೆ ಉಲ್ಟಾ: ಸೇರಬೇಕಾದದ್ದು ಸೇರುವುದಿಲ್ಲ. ಗ್ರೌಂಡಿನದೂ ಇದೇ ಕಥೆ. ತ್ರಿಕೋನ, ಮೂರು ಗೆರೆ ಅಂತ ಗುರುತು ಹಲವಿವೆ. ಚಂದ ಕಂಡಿತು ಅಂತ ಬೆರೆಸಿದರೆ ಹೆಸರೂ ಬೇರೆಯಾಗಿ, ಅರ್ಧ ಬೋರ್ಡಿಗೆ ಗ್ರೌಂಡೇ ಸಿಗುವುದಿಲ್ಲ. ಈ ಸರ್ಕ್ಯೂಟಿಗೆ ಒಂದೇ ಗ್ರೌಂಡ್ ಸಾಕು.

ಮುಂದೆಂದಾದರೂ 74ಎಚ್‌ಸಿ00 ಥರದ ಲಾಜಿಕ್ ಚಿಪ್ ಬಳಸಿದರೆ ಒಂದು ನೆನಪಿರಲಿ. ಅದರೊಳಗಿನ ನಾಲ್ಕು ಗೇಟ್ ಹಾಳೆಯಲ್ಲಿ ಇಟ್ಟ ಮಾತ್ರಕ್ಕೆ ಚಿಪ್ ಮುಗಿಯಲಿಲ್ಲ. 14ನೇ ಪಿನ್ನಿನ ಸಪ್ಲೈ, 7ನೇ ಪಿನ್ನಿನ ಗ್ರೌಂಡ್ ಐದನೇ ತುಂಡಾಗಿ ಬೇರೆಯೇ ಇರುತ್ತವೆ, ಅದನ್ನೂ ಹಾಳೆಗೆ ತರಬೇಕು.

ಆಮೇಲೆ ಇಆರ್‌ಸಿ, ಅಂದರೆ ನಕ್ಷೆಯ ವೈರಿಂಗ್ ತಪ್ಪು ಹುಡುಕುವ ಕೈಕ್ಯಾಡ್‌ನ ಪರೀಕ್ಷೆ, ಓಡಿಸಿ. ಅಂದು ಓಡಿಸಿದ್ದರೆ ಎರಡು ರೆಗ್ಯುಲೇಟರ್‌ಗಳ ಔಟ್‌ಪುಟ್ ಸೇರಿಕೊಂಡಿವೆ ಅಂತ ಅದೇ ಹೇಳುತ್ತಿತ್ತು, ನಾನು ಅವಸರದಲ್ಲಿದ್ದೆ. ಈಗ ಇನ್ನೊಂದು ದೂರು ಬರಬಹುದು: 7805ರ ಇನ್‌ಪುಟ್ಟಿಗೆ, ಗ್ರೌಂಡಿಗೆ ಪವರ್ ಎಲ್ಲಿಂದಲೂ ಬರುತ್ತಿಲ್ಲ ಅಂತ. ಹೆದರಬೇಡಿ. ಅಡಾಪ್ಟರ್ ಸಿಕ್ಕಿಸುವ ಕನೆಕ್ಟರಿನಿಂದ ಕರೆಂಟ್ ಬರುತ್ತದೆ ಅಂತ ಅದಕ್ಕೆ ತಿಳಿಯದು. ಆ ಎರಡು ಲೈನಿಗೆ ಪವರ್ ಫ್ಲ್ಯಾಗ್, ಅಂದರೆ ಇಲ್ಲಿ ಪವರ್ ಬರುತ್ತದೆ ಅಂತ ಹೇಳುವ ಗುರುತು, ಹಾಕಿ. ಮೊದಲನೆಯ ಫ್ಲ್ಯಾಗ್ ಡಯೋಡ್ ದಾಟಿದ ಮೇಲೆ ಇರಬೇಕು, ಏಕೆಂದರೆ ಡಯೋಡಿನ ಆಚೆಗೆ ಈಚೆಗೆ ಇರುವುದು ಎರಡು ಬೇರೆ ಲೈನ್. 5 ಮತ್ತು 3.3 ವೋಲ್ಟ್‌ಗೆ ಫ್ಲ್ಯಾಗ್ ಬೇಡ, ರೆಗ್ಯುಲೇಟರ್‌ಗಳೇ ಕೊಡುತ್ತವೆ. ದೂರು ನಿಲ್ಲಲಿ ಅಂತ ಕಂಡಕಂಡಲ್ಲಿ ಹಾಕುವವರಿದ್ದಾರೆ, ಆಗ ಇಆರ್‌ಸಿ ಇದ್ದೂ ಇಲ್ಲದಂತೆ.

ಬೋರ್ಡ್ ಕೈಗೆ ಬಂದಾಗ ಕನೆಕ್ಟರ್, ಡಯೋಡ್, ರೆಗ್ಯುಲೇಟರ್‌ಗಳು, ಅವುಗಳ ಕೆಪಾಸಿಟರ್‌ಗಳು ಮಾತ್ರ ಮೊದಲು ಕೂರಲಿ. ಅಡಾಪ್ಟರ್ ಹಾಕಿ, ಮಾಡ್ಯೂಲ್ ಕೂರುವ ಜಾಗದಲ್ಲಿ ಮಲ್ಟಿಮೀಟರ್ ಹಿಡಿಯಿರಿ. 3.3ರ ಆಸುಪಾಸು ತೋರಿಸಿದರೆ ಕರೆಂಟ್ ತೆಗೆದು ಮಾಡ್ಯೂಲ್ ಸೋಲ್ಡರ್ ಮಾಡಿ.