ಆರೂವರೆ ಮೀಟರ್‌ಗೆ ಬೇಕಾದ ಬಲ

ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡದ ಪಾಲಿಗೆ ಬರುವುದು 6.5 ಮೀಟರ್. ಮಧ್ಯದ ಗೆರೆಯಿಂದ, ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆಗೆ 4.75 ಮೀಟರ್. ಒಂದು ರೈಡಿಗೆ, ಅಂದರೆ ಒಬ್ಬ ಎದುರಾಳಿಗಳ ಪಾಲಿಗೆ ನುಗ್ಗಿ ಬರುವುದಕ್ಕೆ, 30 ಸೆಕೆಂಡು. ಇಷ್ಟು ತಲೆಯಲ್ಲಿದ್ದರೆ ಕಬಡ್ಡಿ ಆಟಗಾರನಿಗೆ ಯಾವ ವ್ಯಾಯಾಮ ಬೇಕು, ಯಾವುದು ಬೇಡ ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ.

ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮವರದೇ ಒಂದು ತಂಡದ ಹುಡುಗರಿಗೆ ಕಸರತ್ತು ಹೇಳಿಕೊಡುತ್ತೇನೆ. ಜಾಸ್ತಿ ಜನ ಕುಂದಾಪುರ, ಉಡುಪಿ ಕಡೆಯವರು, ಹೋಟೆಲ್ ಕೆಲಸದಲ್ಲಿರುವವರು. ಒಂದಿಬ್ಬರ ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಬಂದವರು, ಇವರು ಹುಟ್ಟಿದ್ದು ಬೆಳೆದಿದ್ದೆಲ್ಲ ಇಲ್ಲೇ. ಯಾವುದಾದರೂ ಕಂಪನಿ ತಂಡಕ್ಕೆ ಸೇರಿಕೊಂಡರೆ ನೌಕರಿಗೊಂದು ದಾರಿ ಆಗುತ್ತೆ ಅನ್ನುವ ಆಸೆ ಎಲ್ಲರಿಗೂ ಇದೆ.

ಹೊಸದಾಗಿ ಬರುವ ಹುಡುಗನನ್ನು ನೋಡಿದ ಕೂಡಲೇ ಗೊತ್ತಾಗುತ್ತೆ. ಎದೆ ಬಂದಿರುತ್ತೆ, ತೋಳು ಬಂದಿರುತ್ತೆ, ತೊಡೆ ಮಾತ್ರ ಇರುವುದಿಲ್ಲ. ಜಿಮ್ಮಿನಲ್ಲಿ ಬೆಂಚ್ ಪ್ರೆಸ್, ಬೆಳಿಗ್ಗೆ ಎದ್ದು ಓಟ, ಅಷ್ಟೇ. "ಸರ್, ದಿನಾ ಎಂಟು ಕಿಲೋಮೀಟರ್ ಓಡ್ತೇನೆ" ಅಂದ ಒಬ್ಬ. "ಓಡಿ ಎಲ್ಲಿಗೆ ಹೋಗ್ತೀಯಪ್ಪಾ? ಅಂಕಣ ದಾಟಿದ್ರೆ ಔಟ್" ಅಂದೆ. ಉಳಿದವರೆಲ್ಲ ನಕ್ಕರು. ಆದರೆ ವಿಷಯ ನಗುವಂಥದ್ದಲ್ಲ. ಕಬಡ್ಡಿಯಲ್ಲಿ ನೇರ ಓಟ ಅನ್ನುವುದು ನಾಲ್ಕೈದು ಹೆಜ್ಜೆಯಲ್ಲಿ ಮುಗಿಯುತ್ತೆ. ಆಮೇಲೆ ನಿಲ್ಲಬೇಕು, ತಿರುಗಬೇಕು, ಅಡ್ಡ ಹಾರಬೇಕು. ಹಾಗಾಗಿ ನಮ್ಮಲ್ಲಿ ಮೊದಲು ಕಲಿಸುವುದು ಬ್ರೇಕ್ ಹಾಕುವುದನ್ನು.

ಎರಡು ಅಡಿ ಎತ್ತರದ ಕಟ್ಟೆಯಿಂದ ಕೆಳಗೆ ಇಳಿದು, ಸದ್ದಾಗದಂತೆ ಅಲ್ಲೇ ನಿಲ್ಲಬೇಕು. ಮಂಡಿ ಒಳಗೆ ಬಾಗಬಾರದು. ಎರಡು ಕಾಲಿನಲ್ಲಿ ಸರಿಯಾಗಿ ಬಂದ ಮೇಲೆ ಒಂಟಿ ಕಾಲು, ಅದಕ್ಕೆ ಕಟ್ಟೆ ಒಂದೇ ಅಡಿಯದು. ಆಮೇಲೆ ಐದು ಮೀಟರ್ ಪೂರ್ತಿ ವೇಗದಲ್ಲಿ ಓಡಿ, ಎರಡೇ ಹೆಜ್ಜೆಯಲ್ಲಿ ನಿಂತು ಹಿಂದಕ್ಕೆ ಬರುವುದು. ನೋಡೋಕೆ ಮಕ್ಕಳಾಟ. ಮಂಡಿಯ ಲಿಗಮೆಂಟ್ ಹರಿದುಕೊಳ್ಳುವುದು ಎದುರಾಳಿ ಹಿಡಿದಾಗ ಮಾತ್ರ ಅಲ್ಲ. ಎಷ್ಟೋ ಸಲ ಯಾರೂ ಮುಟ್ಟದೇ ಇದ್ದಾಗ, ಹೀಗೆ ತಟ್ಟನೆ ತಿರುಗುವಾಗಲೇ ಅದು ಆಗುತ್ತೆ.

ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಅನ್ನುವ ಕಸರತ್ತು. ಮಂಡಿಯೂರಿ ಕೂರಬೇಕು, ಹಿಂದೆ ಒಬ್ಬ ಕಣಕಾಲು ಒತ್ತಿ ಹಿಡಿಯಬೇಕು, ಸೊಂಟ ಮುರಿಯದೆ ನಿಧಾನಕ್ಕೆ ಮುಂದಕ್ಕೆ ಬಾಗುತ್ತಾ ಹೋಗಬೇಕು. ತಡೆಯಲು ಆಗದಿದ್ದಾಗ ಕೈ ಊರಬಹುದು. ಸಾಮಾನು ಏನೂ ಬೇಡ. ಹೊರದೇಶದ ಫುಟ್‌ಬಾಲ್ ತಂಡಗಳಲ್ಲಿ ಇದನ್ನು ಬಿಡದೆ ಮಾಡಿಸಿ ನೋಡಿದ್ದಾರೆ. ತೊಡೆ ಹಿಂಭಾಗದ ಗಾಯ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿದೆ. ಶುರುವಿನಲ್ಲಿ ಮೂರು ಮೂರರಂತೆ ಎರಡು ಸೆಟ್ ಸಾಕು, ಆಮೇಲೆ ಐದೈದರಂತೆ ಮೂರು. ಒಂದು ತೊಂದರೆ ಏನಂದ್ರೆ ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತೆ. ಹಗಲೆಲ್ಲ ನಿಂತು ಬಡಿಸುವ ಹುಡುಗನಿಗೆ ಅದು ಶಿಕ್ಷೆಯೇ. ಅದಕ್ಕೆ ನಾನು ಪ್ರತಿಯೊಬ್ಬನ ವಾರದ ರಜೆ ಯಾವತ್ತು ಅಂತ ಕೇಳಿ ಬರೆದಿಟ್ಟುಕೊಂಡಿದ್ದೇನೆ. ನಾರ್ಡಿಕ್ ಮಾಡಿಸುವುದು ಆ ರಜೆಯ ಹಿಂದಿನ ರಾತ್ರಿ. ಪುಸ್ತಕದಲ್ಲಿರುವ ವೇಳಾಪಟ್ಟಿ ಹೋಟೆಲ್ ಡ್ಯೂಟಿಗೆ ಹೊಂದುವುದಿಲ್ಲ, ಅಲ್ವಾ?

ತೊಡೆಸಂದಿಗೆ ಕೋಪನ್‌ಹೇಗನ್. ಪಕ್ಕಕ್ಕೆ ಮಲಗಿ ಮೊಣಕೈ ಊರಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಸೊಂಟ ಎತ್ತಿ ಹಿಡಿಯುವುದು. ಮೊದಲು ಮಂಡಿಯ ಕೆಳಗೆ ಆಸರೆ ಕೊಟ್ಟು 15 ಸೆಕೆಂಡು, ಬಲ ಬಂದ ಮೇಲೆ ಪಾದದ ಕೆಳಗೆ. ಬೋನಸ್ಸಿಗೆ ಕಾಲು ಚಾಚುವವರಿಗೆ, ಕಾಲ್ಬೆರಳಿನಿಂದ ಎದುರಾಳಿಯನ್ನು ಮುಟ್ಟುವ ಟೋ ಟಚ್ ಮಾಡುವವರಿಗೆ ಇದು ಬೇಕೇ ಬೇಕು.

ಇನ್ನು ಹಿಡಿತ. ಆ್ಯಂಕಲ್ ಹೋಲ್ಡ್ (ರೈಡರ್‌ನ ಕಣಕಾಲು ಹಿಡಿಯುವುದು) ನೋಡಬೇಕಾದರೆ ಪ್ರೊ ಕಬಡ್ಡಿ ಲೀಗಿನ ಯು ಮುಂಬಾ ತಂಡದಲ್ಲಿ ಎಡ ಕಾರ್ನರ್, ಅಂದರೆ ಎಡ ತುದಿಯಲ್ಲಿ ನಿಂತು ಹಿಡಿಯುವ ಜಾಗ, ಆಡುತ್ತಿದ್ದ ಇರಾನಿನ ಫಜಲ್ ಅತ್ರಾಚಲಿಯನ್ನು ನೋಡಿ ಅಂತ ಹುಡುಗರಿಗೆ ಹೇಳುತ್ತೇನೆ. ಕೈ ಹಾಕುವುದು ಎಲ್ಲರಿಗೂ ಬರುತ್ತೆ, ಒದೆಯುವ ಕಾಲನ್ನು ಬಿಡದೇ ಇರುವುದು ಬೇರೆ ವಿದ್ಯೆ. ಅದಕ್ಕೆ ಡಂಬೆಲ್ ಸಾಲದು. ಪುಲ್‌ಅಪ್ ಕಂಬಿಗೆ ಎರಡು ದಪ್ಪ ಟವೆಲ್ ಹಾಕಿ ಅದನ್ನು ಹಿಡಿದು ನೇತಾಡಿಸುತ್ತೇನೆ, 20 ಸೆಕೆಂಡಿನಿಂದ ಶುರು. ಹಗ್ಗ ಹತ್ತುವುದೂ ಇದೆ. ದಾದರಿನ ಶಿವಾಜಿ ಪಾರ್ಕಿನಲ್ಲಿ ಹಗ್ಗದ ಮಲ್ಲಕಂಬ ಆಡುವ ಪುಟ್ಟ ಮಕ್ಕಳ ಕೈ ಹಿಡಿತ ನೋಡಿದರೆ ನಮ್ಮ ಕಾರ್ನರ್‌ಗಳು ನಾಚಿಕೊಳ್ಳಬೇಕು.

ಸೊಂಟ, ತೊಡೆ ಹಿಡಿಯುವ ಕವರ್ ಆಟಗಾರರಿಗೆ ನನ್ನ ಮೆಚ್ಚಿನ ಸಾಮಾನು ಅಕ್ಕಿ ಮೂಟೆ. 25 ಕೆಜಿಯ ಮೂಟೆ ಹೋಟೆಲ್ ಉಗ್ರಾಣದಲ್ಲಿ ಸದಾ ಇರುತ್ತೆ. ಎದೆಗೆ ಅಪ್ಪಿಕೊಂಡು ಬಸ್ಕಿ, ಅಪ್ಪಿಕೊಂಡೇ ಅಡ್ಡ ನಡಿಗೆ, ಕಡೆಗೆ ಎತ್ತಿ ಹೆಗಲ ಮೇಲೆ ಹಾಕುವುದು. ಬಾರ್‌ಬೆಲ್ಲಿಗೆ ಹಿಡಿ ಇರುತ್ತೆ, ಮನುಷ್ಯನ ಸೊಂಟಕ್ಕೆ ಇರುವುದಿಲ್ಲ. ಮೂಟೆಯೂ ಹಾಗೇ ಜಾರುತ್ತೆ. ಹಾಗಂತ ಬಾರ್‌ಬೆಲ್ ಬೇಡ ಅಂತಲ್ಲ. ಸ್ಕ್ವಾಟ್, ಡೆಡ್‌ಲಿಫ್ಟ್ ವಾರಕ್ಕೆರಡು ಸಲ ಇದ್ದೇ ಇದೆ. ನಾಲ್ಕೈದು ಸಲ ಮಾತ್ರ ಎತ್ತಬಹುದಾದಷ್ಟು ಭಾರ, ನಡುವೆ ಮೂರು ನಿಮಿಷ ಬಿಡುವು. ಊರಿನ ಗರಡಿಮನೆ ಕಂಡವರು "ದಂಡ ಬಸ್ಕಿ ಸಾಕಲ್ವಾ" ಅಂತ ಕೇಳುತ್ತಾರೆ. ಮೈ ಕಾಯಿಸಲು ಒಳ್ಳೆಯದೇ. ಆದರೆ ನೂರು ಬಸ್ಕಿ ಹೊಡೆದರೆ ಬರುವುದು ತಾಳಿಕೆ. ಮೂರು ಜನ ಎಳೆಯುವಾಗ ಗೆರೆ ಮುಟ್ಟುವ ಬಲ ಅದರಿಂದ ಬರುವುದಿಲ್ಲ.

ಆ ಬಲಕ್ಕೆ ಬೇರೆ ಆಟ ಇದೆ. ರೈಡರ್ ಸೊಂಟಕ್ಕೆ ದಪ್ಪ ರಬ್ಬರ್ ಪಟ್ಟಿ ಕಟ್ಟಿ ಇಬ್ಬರು ಹಿಂದೆ ಎಳೆಯುತ್ತಾರೆ. ಅವನು ಬಗ್ಗಿ, ಮಂಡಿ ತಗ್ಗಿಸಿ, ಬೇಕಾದರೆ ಬಿದ್ದಾದರೂ ಎರಡು ಮೀಟರ್ ಮುಂದಿನ ಗೆರೆಗೆ ಕೈ ತಾಗಿಸಬೇಕು. ಜೊತೆಗೆ ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇರಬೇಕು, ನನಗೆ ಕೇಳುವ ಹಾಗೆ. ಮಾತು ತುಂಡಾದರೆ ಲೆಕ್ಕಕ್ಕಿಲ್ಲ. ಬೇರೆ ಆಟಗಳಲ್ಲಿ ಜೋರು ಹಾಕುವಾಗ ಬೇಕಾದಂತೆ ಉಸಿರು ತೆಗೆದುಕೊಳ್ಳಬಹುದು, ಇಲ್ಲಿ ಆ ಸುಖ ಇಲ್ಲ. ಸುಮ್ನೆ ಬಾಯಿ ಮುಚ್ಚಿಕೊಂಡು ಎಳೆಯುವ ಅಭ್ಯಾಸ ಮಾಡಿದವನು ಪಂದ್ಯದಲ್ಲಿ ಮಾತು ನಿಲ್ಲಿಸಿ ಔಟ್ ಆಗುತ್ತಾನೆ.

ದಮ್ಮಿಗೂ ಇದೇ ಲೆಕ್ಕ. ಎಂಟು ಸೆಕೆಂಡು ಪೂರ್ತಿ ಜೋರು, ಐವತ್ತು ಸೆಕೆಂಡು ಬಿಡುವು, ಇಂಥ ಎಂಟು. ನಾಲ್ಕು ನಿಮಿಷ ಕೂತು ಮತ್ತೊಂದು ಸುತ್ತು. ಸ್ನಾಯುವಿನಲ್ಲಿ ತಕ್ಷಣಕ್ಕೆ ಸಿಗುವ ಇಂಧನ ಸುಮಾರು ಅರ್ಧ ನಿಮಿಷದಲ್ಲಿ ಅರ್ಧ ತುಂಬುತ್ತೆ, ಪೂರ್ತಿ ತುಂಬಲು ಮೂರು ನಿಮಿಷಕ್ಕೂ ಮೇಲೆ ಬೇಕು. ಒಬ್ಬನೇ ರೈಡರ್ ಮೇಲಿಂದ ಮೇಲೆ ಹೋದರೆ ಮೂರನೇ ಸಲ ಕಾಲು ಭಾರವಾಗುವುದು ಇದಕ್ಕೇ. ಅಂಕ ತರದಿದ್ದರೆ ರೈಡರ್ ಔಟ್ ಆಗುವ ಡು ಆರ್ ಡೈ ರೈಡಿಗೆ ಯಾರನ್ನು ಕಳಿಸಬೇಕು ಅನ್ನುವಾಗ ನಾಯಕನಿಗೆ ಇದು ಗೊತ್ತಿರಬೇಕು.

ಡು ಆರ್ ಡೈ ಅಂದಾಗ ನಮ್ಮವರ ಬಾಯಲ್ಲಿ ಬರುವ ಹೆಸರು ರಿಶಾಂಕ್ ದೇವಾಡಿಗ. ಮುಂಬಯಿಯಲ್ಲಿ ಬೆಳೆದ ಹುಡುಗ, 2015ರಲ್ಲಿ ಪ್ರೊ ಕಬಡ್ಡಿ ಗೆದ್ದ ಯು ಮುಂಬಾ ತಂಡದಲ್ಲಿದ್ದವರು. ಆ ಫೈನಲ್ ಆಗಿದ್ದು ಬೆಂಗಳೂರು ಬುಲ್ಸ್ ಮೇಲೆ, 36-30. ಊರಿನ ತಂಡಕ್ಕೆ ಕೂಗಬೇಕೋ, ಅನ್ನ ಕೊಟ್ಟ ಊರಿನ ತಂಡಕ್ಕೋ ಅನ್ನುವ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ತೂಕದ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಸೀನಿಯರ್ ಗಂಡಸರಿಗೆ 85 ಕೆಜಿ ಮಿತಿ. 87 ಇರುವವನು ಹಿಂದಿನ ದಿನ ನೀರು ಬಿಟ್ಟು, ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುತ್ತಾನೆ. ಮುಂಬಯಿಯ ಈ ಬೆವರಿನ ಹವೆಯಲ್ಲಿ ಅದು ಅಪಾಯ. ನಮ್ಮಲ್ಲಿ ಹಾಗೆ ಮಾಡಿದವನನ್ನು ನಾನು ಆಡಲು ಬಿಡುವುದಿಲ್ಲ. ತಿಂಗಳ ಮುಂಚೆಯೇ ರಾತ್ರಿಯ ಬನ್ಸು, ಗೋಳಿಬಜೆ ನಿಲ್ಲಿಸಿ, ಮೊಟ್ಟೆ, ಮೀನು, ಹೆಸರುಕಾಳು ಹೆಚ್ಚಿಸಿದರೆ ಎರಡು ಕೆಜಿ ತಾನಾಗಿ ಇಳಿಯುತ್ತೆ. ಹೋಟೆಲಿನಲ್ಲಿದ್ದು ಬನ್ಸು ಬಿಡುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು.

ಮಳೆಗಾಲದಲ್ಲಿ ಮೈದಾನ ಕೆಸರು, ಆಗ ಭಾರ ಎತ್ತುವ ಕೆಲಸವೆಲ್ಲ ಮುಗಿಸಿಕೊಳ್ಳುತ್ತೇವೆ. ಪಂದ್ಯಗಳ ಕಾಲ ಬಂದ ಮೇಲೆ ಜಿಮ್ ವಾರಕ್ಕೆ ಒಂದೇ ದಿನ. ಸೆಟ್ಟುಗಳನ್ನು ಅರ್ಧಕ್ಕೆ ಇಳಿಸುತ್ತೇನೆ, ಕಂಬಿಯ ಮೇಲಿನ ಭಾರ ಇಳಿಸುವುದಿಲ್ಲ. ಹುಡುಗರು ಇದರ ಉಲ್ಟಾ ಕೇಳುತ್ತಾರೆ, ಭಾರ ಕಮ್ಮಿ ಮಾಡಿ ಸರ್, ಸೆಟ್ ಎಷ್ಟಾದರೂ ಮಾಡ್ತೇವೆ ಅಂತ. ಅದಕ್ಕೆ ಒಪ್ಪುವುದಿಲ್ಲ. ನಾರ್ಡಿಕ್ ಆಗಲೂ ಇರುತ್ತೆ, ಎರಡೇ ಸೆಟ್, ಪಂದ್ಯಕ್ಕೆ ಮೂರು ದಿನ ಮುಂಚೆ.