1910ರ ಲಂಡನ್ನಿನ ಸಂಜೆಯುಡುಪು: ಯಾವುದರ ಮೇಲೆ ಯಾವುದು?

1910ರ ಲಂಡನ್ನಿನಲ್ಲಿ ನಡೆಯುವ ನಾಟಕವನ್ನು ನಿಮ್ಮ ತಂಡ ರಂಗಕ್ಕೆ ತರುತ್ತಿದೆಯೇ? ಔತಣದ ದೃಶ್ಯದ ಗಂಡಸರಿಗೆ ಬಾಡಿಗೆಯ ಕರಿಕೋಟು ತೊಡಿಸಿ ಸುಮ್ಮನಾಗಬೇಡಿ. ಆ ಉಡುಪಿನ ಗತ್ತೆಲ್ಲ ಕೋಟಿನ ಒಳಗಿರುವ ಅಂಗಿಯದು.

ಆದ್ದರಿಂದ ಅಂಗಿಯಿಂದಲೇ ಶುರುಮಾಡಿ. ಎದೆಯ ಭಾಗಕ್ಕೂ ತೋಳಿನ ಪಟ್ಟಿಗಳಿಗೂ ದಪ್ಪ ಗಂಜಿ ಹಾಕಿ, ತುಸು ತೇವವಿರುವಾಗಲೇ ಬಿಸಿ ಇಸ್ತ್ರಿ ಒತ್ತಬೇಕು. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ರಟ್ಟಿನಂತೆ ಸದ್ದು ಬರಬೇಕು. ಗಂಜಿಯಿಂದ ಗುಂಡಿಯ ತೂತುಗಳು ಮುಚ್ಚಿಕೊಂಡಿರುತ್ತವೆ. ನಟನ ಮೈಮೇಲೆ ಹೆಣಗಾಡುವ ಬದಲು ಮೊದಲೇ ಬಿಡಿಸಿಡಿ. ಆ ಕಾಲದ ಇಂಥ ಅಂಗಿಗಳಿಗೆ ಕಾಲರ್ ಹೊಲಿದಿರುತ್ತಿರಲಿಲ್ಲ. ಗಟ್ಟಿಯಾದ ಬಿಡಿ ಕಾಲರನ್ನು ಕತ್ತಿನ ಹಿಂದೊಂದು, ಮುಂದೊಂದು ಸ್ಟಡ್ (ಹೊಲಿಯದೆ ತೂತಿಗೆ ಸಿಕ್ಕಿಸುವ ಬಿಡಿ ಗುಂಡಿ) ಹಾಕಿ ಕೂಡಿಸುತ್ತಿದ್ದರು. ಹಿಂದಿನ ಸ್ಟಡ್ಡನ್ನು ಅಂಗಿ ತೊಡುವ ಮುನ್ನವೇ ಸಿಕ್ಕಿಸಿ. ಎದೆಗೆ ಮುತ್ತಿನ ಅಥವಾ ಚಿನ್ನದ ಬಣ್ಣದ ಸ್ಟಡ್ ಸಾಕು, ಹೊಳೆಯುವ ಬಣ್ಣದ ಕಲ್ಲು ಬೇಡವೇ ಬೇಡ.

ಪ್ಯಾಂಟು ಕಪ್ಪು, ಸೊಂಟಕ್ಕಿಂತ ಮೇಲಕ್ಕೆ ಏರಬೇಕು, ಕೆಳಗೆ ಮಡಿಕೆ ಇರಬಾರದು. ಬೆಲ್ಟ್ ಇಲ್ಲ, ಹೆಗಲ ಮೇಲಿನ ಪಟ್ಟಿಗಳೇ ಅದನ್ನು ಹಿಡಿದಿರುತ್ತವೆ. ಈಗ ಬಿಳಿ ಬೋ ಟೈ. ಸಿದ್ಧವಾಗಿ ಸಿಗುವ ಕೊಕ್ಕೆಯ ಟೈ ಕೊಳ್ಳಬೇಡಿ. ಕೈಯಲ್ಲಿ ಕಟ್ಟಿದ ಗಂಟು ತುಸು ಓರೆಯಾದರೂ ಅದೇ ಚೆನ್ನ.

ಅಂಗಿಯ ಮೇಲೆ ಬಿಳಿ ಹತ್ತಿಯ ವೇಸ್ಟ್‌ಕೋಟು, ಅಂದರೆ ತೋಳಿಲ್ಲದ ಒಳಕೋಟು. ಅದರ ಕತ್ತು ಆಳವಾಗಿರಬೇಕು, ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಗಂಜಿ ಹಾಕಿದ ಎದೆ ಕಾಣುವುದೇ ಇಲ್ಲ. ಕೊನೆಗೆ ಬಾಲದ ಕೋಟು. ಇದರ ಮುಂಭಾಗ ಸೊಂಟಕ್ಕೇ ಮುಗಿಯುತ್ತದೆ, ಗುಂಡಿ ಹಾಕುವಂತಿಲ್ಲ. ಹಾಗಾಗಿ ಒಳಗಿನದೆಲ್ಲ ಅಳತೆಗೆ ಸರಿಯಾಗಿ ಕೂತಿರಬೇಕು.

ಇಲ್ಲೇ ಎಷ್ಟೋ ತಂಡಗಳು ಎಡವುವುದು: ಬಾಲದ ಕೋಟಿಗೆ ಕರಿ ಟೈ ಕಟ್ಟಿದರೆ ನಿಮ್ಮ ಲಾರ್ಡ್ ಸಾಹೇಬ ಹೋಟೆಲಿನ ಮಾಣಿಯಾಗಿಬಿಡುತ್ತಾನೆ. ಕರಿ ಟೈ ಸೇರುವುದು ಬಾಲವಿಲ್ಲದ ಡಿನ್ನರ್ ಜಾಕೆಟ್ಟಿಗೆ. ನ್ಯೂಯಾರ್ಕಿನ ಟಕ್ಸೀಡೊ ಪಾರ್ಕಿನ ಸಿರಿವಂತರು ಅದನ್ನು 1880ರ ದಶಕದಲ್ಲೇ ತೊಡತೊಡಗಿದ್ದರೂ, 1910ರ ಲಂಡನ್ನಿನಲ್ಲಿ ಅದು ಮನೆಯೂಟಕ್ಕೆ, ಗಂಡಸರ ಕ್ಲಬ್ಬಿಗೆ ಮಾತ್ರ ಒಪ್ಪುತ್ತಿತ್ತು. ಅದು ಎಲ್ಲೆಡೆ ಹಬ್ಬಿದ್ದು ಮೊದಲ ಮಹಾಯುದ್ಧದ ನಂತರ.

ಕಾಲಿಗೆ ಕರಿ ರೇಷ್ಮೆಯ ಕಾಲುಚೀಲ, ಮಿರುಗುವ ಪೇಟೆಂಟ್ ಚರ್ಮದ ಬೂಟು. ಬಿಳಿ ಕೈಗವಸು ನೃತ್ಯಕ್ಕೆ ಬೇಕು, ಊಟಕ್ಕೆ ಕೂರುವಾಗ ಕಳಚಬೇಕು. ರಂಗಮಂದಿರದ ದೃಶ್ಯವಿದ್ದರೆ ಸ್ಪ್ರಿಂಗಿನ ಆಪೆರಾ ಹ್ಯಾಟು ಹುಡುಕಿ. ಚಪ್ಪಟೆಯಾಗಿ ಮಡಚಿ ಕುರ್ಚಿಯ ಕೆಳಗಿಡಬಹುದು.

ಗಂಜಿಯ ಅಂಗಿಯಲ್ಲಿ ಬೆನ್ನು ಬಾಗಿಸಿದರೆ ಎದೆಯ ಭಾಗ ಉಬ್ಬಿ ಹೊರಬರುತ್ತದೆ. ಆದ್ದರಿಂದ ತಾಲೀಮಿನಲ್ಲೇ ಪೂರ್ತಿ ಉಡುಪು ತೊಡಿಸಿ, ಕೋಟಿನ ಬಾಲಗಳನ್ನು ಎರಡೂ ಬದಿಗೆ ಸರಿಸಿಕೊಂಡು ನೆಟ್ಟಗೆ ಕೂರುವುದನ್ನು ನಟರಿಗೆ ರೂಢಿಮಾಡಿಸಿ.